ಪುಸ್ತಕ ಜಪಾನಿಂದು, ಮನಿ ಬೋನಾಳದ್ದು

ಮಹಾನವಮಿ ಹತ್ತಿರ ಬಂತೆಂದರೆ ಸುರಪುರ ಸೀಮೆಯ ಕೆರೆ, ಕಾಲುವೆ, ಹಳ್ಳದ ದಂಡೆಯ ತುಂಬ ಕೌದಿಗಳು. ಮನೆಯೊಳಗಿನ ಹಾಸಿಗೆ, ಹೊದಿಕೆ, ಪಾತ್ರೆ, ಪೆಟ್ಟಿಗೆ, ಮೊರ, ಜರಡಿ ಎಲ್ಲ ಅಂಗಳಕ್ಕೆ ಬರುತ್ತವೆ. ಗೋಡೆಗೆ ಸುಣ್ಣ, ನೆಲಕ್ಕೆ ನೀರು, ಜಂತಿಗೆ ಹಿಡಿದ ಮಸಿಗೆ ಕಸಬರಿಗೆ. ಎರಡು ಮೂರು ದಿನ ಮನೆಮಂದಿಗೆಲ್ಲ ಬೆನ್ನು ಬೀಳುವಷ್ಟು ಕೆಲಸ. ಕೊನೆಗೆ ಒಣಗಿದ ಸಾಮಾನೆಲ್ಲ ಮತ್ತೆ ಒಳಗೆ ಹೋಗುತ್ತದೆ. ಒಡೆದ ಕೊಡ, ತೂತು ಬಿದ್ದ ಹಂಡೆ, ಹಿಡಿಕೆ ಇಲ್ಲದ ಛತ್ರಿ, ಒಂದೂ ಹೊರಗೆ ಉಳಿಯುವುದಿಲ್ಲ. ಮನೆ ತೊಳೆದದ್ದಾಯಿತು, ಹಗುರ ಆಗಲಿಲ್ಲ.

ಸಾಮಾನು ಎತ್ತಿಡುವಾಗ ಸೊಸೆ ಕೇಳುತ್ತಾಳೆ: "ಅತ್ತಿ, ಈ ಚಿಮಣಿ ಇನ್ನಾ ಬೇಕೇನ್ರಿ?" ಅತ್ತೆಯ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಇರ್ಲಿ ಬಿಡವ್ವ, ಯಾವಾಗರ ಬೇಕಾಗ್ತದ." ಚಿಮಣಿ ಇನ್ನೊಂದು ವರ್ಷಕ್ಕೆ ಅಟ್ಟ ಏರುತ್ತದೆ.

ಮನೆಯನ್ನು ಹಗುರ ಮಾಡುವುದು ಹೇಗೆ, ಇದ್ದದ್ದರಲ್ಲೇ ಚೆಂದ ಮಾಡುವುದು ಹೇಗೆ ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಓದಿದರೆ ಕೈಗೆ ಹುರುಪು ಬರುವುದೂ ನಿಜ. ಆದರೆ ಅವುಗಳಲ್ಲಿ ಹೆಸರಾದವು ಹುಟ್ಟಿದ್ದು ಟೋಕಿಯೊದ ಇಕ್ಕಟ್ಟು ಕೋಣೆಯಲ್ಲಿ, ಸ್ವೀಡನ್ನಿನ ಚಳಿಯಲ್ಲಿ. ಹತ್ತಿ, ತೊಗರಿ, ಭತ್ತ ಬೆಳೆಯುವ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯ ಮನೆಗೆ ಅವನ್ನು ಹಾಗೆಯೇ ತಂದು ಹಚ್ಚಿದರೆ ಹೊಂದುವುದಿಲ್ಲ. ಯಾವ ಪುಸ್ತಕದಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು, ಇದೇ ಸೀಮೆಯ ಬೋನಾಳದಂಥ ಊರಿನ ಮನೆಯಲ್ಲಿ ಅದನ್ನು ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಆರು ಪುಸ್ತಕ, ಆರು ಪಾಠ

ಮನೆ ಚೆಂದ ಮಾಡುವುದನ್ನು ಬರೆದಿಡುವ ರೂಢಿ ನಮ್ಮ ಭಾಗಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಚಿತ್ರ ಬರೆಯಲು ಗೋಡೆಯನ್ನು ಹದ ಮಾಡುವುದು, ಬಣ್ಣ ಕೂಡಿಸುವುದು ಎಲ್ಲ ಇದೆ. ಅದು ಅರಮನೆಯ ಮಾತು. ಸಾಮಾನ್ಯರ ಮನೆಗೆ ಬೇಕಾದದ್ದು ಈಚಿನ ಪುಸ್ತಕಗಳಲ್ಲಿ ಸಿಗುತ್ತದೆ.

ಮೊದಲನೆಯದು ಜಪಾನಿನ ಮರಿ ಕೊಂಡೊ ಬರೆದ 'ದಿ ಲೈಫ್ ಚೇಂಜಿಂಗ್ ಮ್ಯಾಜಿಕ್ ಆಫ್ ಟೈಡಿಯಿಂಗ್ ಅಪ್'. ಜಪಾನಿ ಭಾಷೆಯಲ್ಲಿ 2010ರ ಕೊನೆಗೆ, ಇಂಗ್ಲಿಷಿನಲ್ಲಿ 2014ರಲ್ಲಿ ಬಂತು. 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾದ ಮೇಲೆ ಲೋಕವೆಲ್ಲ ಆಕೆಯ ಹೆಸರು ಕೇಳಿತು. ಆಕೆಯ ಮುಖ್ಯ ಪಾಠ ಕೋಣೆಗೊಂದರಂತೆ ಸ್ವಚ್ಛ ಮಾಡಬೇಡಿ, ಬಗೆಗೊಂದರಂತೆ ಮಾಡಿ ಎಂಬುದು. ಬಟ್ಟೆ ಎಂದರೆ ಮನೆಯ ಯಾವ ಮೂಲೆಯಲ್ಲಿದ್ದರೂ ಎಲ್ಲ ಬಟ್ಟೆ ಒಂದೇ ಕಡೆ ರಾಶಿ ಬೀಳಬೇಕು. ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಡೆಗೆ ನೆನಪಿನ ವಸ್ತು. ಒಂದೊಂದನ್ನೂ ಕೈಗೆತ್ತಿಕೊಂಡು, ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ರಾಶಿ ಹಾಕುವ ಉಪಾಯವನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸಂತೋಷದ ಪ್ರಶ್ನೆಯನ್ನು ಮಾತ್ರ ಸ್ವಲ್ಪ ತಡೆದು ನೋಡಬೇಕಾಗುತ್ತದೆ, ಮುಂದೆ ಹೇಳುತ್ತೇನೆ. ಮೂರನೆಯ ಮಗು ಹುಟ್ಟಿದ ಮೇಲೆ ಮನೆ ಮೊದಲಿನಷ್ಟು ಓರಣವಾಗಿ ಉಳಿದಿಲ್ಲ ಎಂದು ಕೊಂಡೊ ಅವರೇ 2023ರಲ್ಲಿ ಹೇಳಿಕೊಂಡಿದ್ದಾರೆ. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ನೆನಪಿಟ್ಟುಕೊಂಡು ಸಮಾಧಾನದಿಂದ ಓದಬಹುದು.

ಎರಡನೆಯದು ಸ್ವೀಡನ್ನಿನ ಮಾರ್ಗರೆಟಾ ಮ್ಯಾಗ್ನುಸನ್ ಅವರ 'ದಿ ಜೆಂಟಲ್ ಆರ್ಟ್ ಆಫ್ ಸ್ವೀಡಿಶ್ ಡೆತ್ ಕ್ಲೀನಿಂಗ್' (2017). ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ನಾವು ಹೋದ ಮೇಲೆ ನಮ್ಮ ಸಾಮಾನು ಮಕ್ಕಳ ತಲೆಗೆ ಬರಬಾರದು, ಕೊಡುವುದನ್ನು ಕೈಯಾರೆ ಕೊಟ್ಟು ಹೋಗಬೇಕು ಎಂಬ ಹಿರಿಯಜ್ಜಿಯ ಮಾತು ಅದು. ದೊಡ್ಡ ಸಾಮಾನಿನಿಂದ ಶುರು ಮಾಡಿ, ಫೋಟೊ ಮತ್ತು ಪತ್ರಗಳನ್ನು ಕಡೆಗೆ ಇಟ್ಟುಕೊಳ್ಳಿ ಎನ್ನುತ್ತಾರೆ. ಫೋಟೊ ಕೈಗೆ ಬಂದರೆ ಮನುಷ್ಯ ಅಲ್ಲೇ ಕೂತುಬಿಡುತ್ತಾನೆ, ಕೆಲಸ ಮುಂದೆ ಸಾಗುವುದಿಲ್ಲ.

ಮೂರನೆಯದು ಫುಮಿಯೊ ಸಸಾಕಿ ಅವರ 'ಗುಡ್‌ಬೈ ಥಿಂಗ್ಸ್' (ಜಪಾನಿ 2015, ಇಂಗ್ಲಿಷ್ 2017). ಬಿಡಲು ಮನಸ್ಸಾಗದ ವಸ್ತುವಿನ ಫೋಟೊ ತೆಗೆದಿಟ್ಟುಕೊಂಡು ವಸ್ತುವನ್ನು ಕಳಿಸಿಬಿಡಿ ಎಂಬ ಅವರ ಸಲಹೆ ಮೊಬೈಲ್ ಇರುವ ಯಾರಿಗೂ ದಕ್ಕುತ್ತದೆ. ಉಳಿದಂತೆ ಸಸಾಕಿ ಒಬ್ಬಂಟಿಯಾಗಿ ಒಂದು ಕೋಣೆಯಲ್ಲಿ ಇದ್ದವರು. ಎಂಟು ಮಂದಿಯ ಕೂಡು ಮನೆಗೆ ಅವರ ಲೆಕ್ಕ ಕೂಡುವುದಿಲ್ಲ.

ನಾಲ್ಕನೆಯದು ಲಾರಿ ಬೇಕರ್ (1917–2007) ಅವರ ಕಿರುಹೊತ್ತಿಗೆಗಳು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತಕ್ಕೆ ಬಂದು ಕೇರಳದಲ್ಲಿ ನೆಲೆನಿಂತ ಈ ವಾಸ್ತುಶಿಲ್ಪಿ ಮಣ್ಣಿನ ಮನೆ, ಕಡಿಮೆ ಖರ್ಚಿನ ಮನೆಗಳ ಬಗ್ಗೆ ಕೈಯಲ್ಲೇ ಚಿತ್ರ ಬರೆದು, ಕೈಯಲ್ಲೇ ಅಕ್ಷರ ಬರೆದು ಹೊತ್ತಿಗೆ ತಂದರು. ಇಂಗ್ಲಿಷ್ ಬರದವರಿಗೂ ಚಿತ್ರ ನೋಡಿಯೇ ಅರ್ಧ ತಿಳಿಯುತ್ತದೆ. ಗಾಳಿ ಆಡುವ ಜಾಲಿ ಗೋಡೆ, ಗೋಡೆಯಲ್ಲೇ ಕೂಡಿಸಿದ ಗೂಡು, ಗೋಡೆಗೇ ಸೇರಿದ ಕೂರುವ ಕಟ್ಟೆ ಹೀಗೆ ಅವರು ತೋರಿಸುವ ಬಹಳಷ್ಟು ನಮ್ಮ ಹಳೆಯ ಮನೆಗಳಲ್ಲಿ ಇದ್ದದ್ದೇ.

ಐದನೆಯದು ಕ್ರಿಸ್ಟೊಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರ 'ಎ ಪ್ಯಾಟರ್ನ್ ಲ್ಯಾಂಗ್ವೇಜ್' (1977). ಊರು ಹೇಗಿರಬೇಕು ಎಂಬಲ್ಲಿಂದ ಕೋಣೆಯ ಹಲಗೆ ಎಷ್ಟು ಎತ್ತರ ಇರಬೇಕು ಎಂಬಲ್ಲಿಯವರೆಗೆ 253 ಸೂತ್ರಗಳು. ಪೂರ್ತಿ ಓದುವ ಗೋಜಿಗೆ ಹೋಗಬೇಡಿ. ಕೋಣೆಗೆ ಎರಡು ಕಡೆಯಿಂದ ಬೆಳಕು (159), ದಪ್ಪ ಗೋಡೆ (197), ಸೊಂಟದ ಎತ್ತರದ ಹಲಗೆ (201), ಬಾಗಿಲ ಮುಂದಿನ ಕಟ್ಟೆ (242) ಇಷ್ಟನ್ನು ಹುಡುಕಿ ಓದಿ. ಕೊನೆಯ ಸೂತ್ರ ಇನ್ನೂ ಚೆಂದ: ಫ್ಯಾಶನ್ ನೋಡಿ ಕೊಂಡು ತಂದದ್ದರಿಂದ ಮನೆ ಸಿಂಗಾರ ಆಗುವುದಿಲ್ಲ, ನಿಮ್ಮ ಬದುಕಿನ ಜೊತೆಗೇ ಬಂದ ವಸ್ತುಗಳನ್ನು ಕಣ್ಣಿಗೆ ಬೀಳುವಂತೆ ಇಡಿ ಎನ್ನುತ್ತದೆ.

ಆರನೆಯದು ಜಪಾನಿನ ಕಾದಂಬರಿಕಾರ ಜುನಿಚಿರೊ ತಾನಿಜಾಕಿ 1933ರಲ್ಲಿ ಬರೆದ ನೀಳ್ಪ್ರಬಂಧ 'ಇನ್ ಪ್ರೇಜ್ ಆಫ್ ಶ್ಯಾಡೋಸ್'. ಮನೆಯೊಳಗಿನ ನೆರಳು ಕೊರತೆಯಲ್ಲ, ಅದೂ ಒಂದು ಸೊಗಸು ಎಂದು ವಾದಿಸುವ ಸಣ್ಣ ಪುಸ್ತಕ. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವ ಪಡಸಾಲೆಯಲ್ಲಿ ಬೆಳೆದವರಿಗೆ ಇದು ಪರಕೀಯ ಅನಿಸುವುದೇ ಇಲ್ಲ.

ಸಂತೋಷ ಕೇಳಬೇಡಿ, ತಿಂಗಳು ಕೇಳಿ

ಈಗ ಕೊಂಡೊ ಅವರ ಪ್ರಶ್ನೆಗೆ ಬರೋಣ. ಮೂಲೆಯಲ್ಲಿ ಒರಗಿಸಿಟ್ಟ ಕೂರಿಗೆಯನ್ನು ನೋಡಿ ಯಾರಿಗೆ ಸಂತೋಷ ಆಗುತ್ತದೆ? ಗೋಣಿಚೀಲದ ಕಟ್ಟು, ತಾಡಪತ್ರಿ, ಹಗ್ಗ, ಔಷಧ ಹೊಡೆಯುವ ಪಂಪು ಯಾವುದೂ ಮನಸ್ಸು ಅರಳಿಸುವ ವಸ್ತುವಲ್ಲ. ಹಾಗೆಂದು ಬಿಸಾಡಿದರೆ ಮಳೆ ಬಿದ್ದ ಮರುದಿನ ಓಡಾಡಬೇಕಾದೀತು. ಮನೆಯ ಬಗಲಲ್ಲೇ ಅಂಗಡಿ ಇರುವವರು, ಬೇಕಾದಾಗ ಮತ್ತೆ ಕೊಳ್ಳುವ ಹಣ ಕೈಯಲ್ಲಿರುವವರು ಬರೆದ ಪುಸ್ತಕಗಳು ಇವು. ಒಕ್ಕಲುತನದ ಮನೆಯಲ್ಲಿ ಸಾಮಾನಿನ ಬಹುಪಾಲು ದಾಸ್ತಾನು.

ಹಾಗಾದರೆ ದಾಸ್ತಾನು ಯಾವುದು, ಹೊರೆ ಯಾವುದು? ಅತ್ತೆಯ ಮಾತಿನಲ್ಲೇ ಅಳತೆಗೋಲು ಇದೆ. ಯಾವಾಗರ ಬೇಕಾಗ್ತದ ಎನ್ನುತ್ತಾರಲ್ಲ, ಆ 'ಯಾವಾಗ' ಎಂಬುದಕ್ಕೆ ಒಂದು ತಿಂಗಳ ಹೆಸರು ಹೇಳಬೇಕು, ಅಷ್ಟೇ. ಕೂರಿಗೆಯ ಕೆಲಸ ಮುಂಗಾರಿನ ಬಿತ್ತನೆಯಲ್ಲಿ. ತಾಡಪತ್ರಿಯ ಕೆಲಸ ರಾಶಿ ಮಾಡುವಾಗ. ದೊಡ್ಡ ಹಂಡೆಯ ಕೆಲಸ ಜಾತ್ರೆಗೆ ನೆಂಟರು ಬಂದಾಗ. ದಪ್ಪ ಕೌದಿಯ ಕೆಲಸ ಎಳ್ಳಮಾಸಿಯ ಚಳಿಯಲ್ಲಿ. ತಿಂಗಳು ಹೇಳಲು ಬಂದರೆ ಅದು ಇರಲಿ. ಚಿಮಣಿಗೆ ತಿಂಗಳು ಹೇಳಲು ಬಾರದಿದ್ದರೆ, ಒಂದು ದಸರೆಯಿಂದ ಇನ್ನೊಂದು ದಸರೆಯವರೆಗೆ ಅದನ್ನು ಯಾರೂ ಮುಟ್ಟದಿದ್ದರೆ, ಅದು ಹೊರೆ.

ದಸರೆಯನ್ನೇ ಗಡುವಾಗಿ ಇಟ್ಟುಕೊಳ್ಳಲು ಕಾರಣವಿದೆ. ಆ ಹೊತ್ತಿಗೆ ಮಳೆ ಹಿಂದೆ ಸರಿಯುತ್ತದೆ, ಒಗೆದದ್ದು ಒಣಗಲು ಬಿಸಿಲು ಬೀಳುತ್ತದೆ, ಕೆರೆ ಕಾಲುವೆಯಲ್ಲಿ ನೀರಿರುತ್ತದೆ. ಅದರ ಬೆನ್ನಿಗೇ ಹತ್ತಿ ಬಿಡಿಸುವ ಕಾಲ, ಆಮೇಲೆ ಭತ್ತ, ತೊಗರಿ. ದರ ಏರಲಿ ಎಂದು ಹತ್ತಿಯನ್ನು ಮನೆಯೊಳಗೇ ಒಟ್ಟುವವರಿಗೆ ಒಂದು ಕೋಣೆಯಾದರೂ ಬರಿದಾಗಿರಬೇಕು. ಸುಗ್ಗಿಗೆ ಮುಂಚೆ ಮನೆ ಖಾಲಿ ಮಾಡಿಕೊಳ್ಳುವ ಈ ಲೆಕ್ಕ ಯಾವ ಜಪಾನಿ ಪುಸ್ತಕದಲ್ಲೂ ಇಲ್ಲ.

ದುಡಿಯಲು ಬೆಂಗಳೂರು, ಮುಂಬೈ, ಪುಣೆ ಕಡೆಗೆ ಗುಳೆ ಹೋಗುವ ಕುಟುಂಬಗಳಿಗೆ ಗಡುವು ಬೇರೆ: ಬೀಗ ಹಾಕುವ ಹಿಂದಿನ ವಾರ. ತಿಂಗಳುಗಟ್ಟಲೆ ಮುಚ್ಚಿದ ಮನೆಯಲ್ಲಿ ಕಾಳುಕಡಿ ಬಿಟ್ಟರೆ ಇಲಿ, ಇಲಿಯ ಹಿಂದೆ ಹಾವು. ಕಾಳನ್ನು ಮಾರಿ ಇಲ್ಲವೇ ನೆಂಟರ ಮನೆಗೆ ಸಾಗಿಸಿ, ಹೊರಸು ಎತ್ತಿ ನಿಲ್ಲಿಸಿ, ನೆಲದ ಮೇಲೆ ಏನೂ ಬಿಡದೆ ಹೋಗುವುದು ಒಳ್ಳೆಯದು.

ಬಗೆಬಗೆಯಾಗಿ ರಾಶಿ ಹಾಕಿ

ಬಟ್ಟೆ. ಹೊರಸಿನ ಕೆಳಗಿನ ಟ್ರಂಕನ್ನು ಎಳೆದು ತೆಗೆದರೆ ಮೊದಲು ಮೂಗಿಗೆ ಬರುವುದು ಡಾಂಬರ್ ಗುಳಿಗೆಯ ವಾಸನೆ. ಮೇಲೆ ಮದುವೆಯ ರೇಷ್ಮೆ ಸೀರೆ, ಅದರ ಕೆಳಗೆ ಹಳದಿ ಗೆರೆ ಬಿದ್ದ ಧೋತರ, ಟವೆಲ್, ಅದಕ್ಕೂ ಕೆಳಗೆ ಆಯೇರಿಗೆ ಬಂದ ಕುಪ್ಪಸದ ಖಣಗಳ ಥಾಕು. ಒಂದಕ್ಕೂ ಕತ್ತರಿ ತಾಗಿಲ್ಲ. ಅಂಚಿನಲ್ಲಿ ಅಂಗಡಿಯ ಚೀಟಿ ಹಾಗೇ ಇದೆ. ಈ ಖಣಗಳು ಹೊಲಿಸಲು ಬಂದವಲ್ಲ, ಮನೆಯಿಂದ ಮನೆಗೆ ತಿರುಗಲು ಬಂದವು. ಹಾಗಾಗಿ ಅವನ್ನು ಬಟ್ಟೆ ಎಂದು ಎಣಿಸದೆ ಬೇರೆ ಚೀಲಕ್ಕೆ ಹಾಕಿ, ಬರುವ ಮದುವೆಗೆ ಮೊದಲು ಅದರಿಂದಲೇ ತೆಗೆಯಿರಿ. ಹೊಸದು ಕೊಳ್ಳುವ ಖರ್ಚು ಉಳಿಯುತ್ತದೆ.

ಹಳೆ ಸೀರೆಯ ಗಂಟು ಬೆಳೆಯುವುದು ಕೌದಿಯ ಹೆಸರಿನಲ್ಲಿ. ಕೌದಿಗೆ ಬೇಕಾದದ್ದು ಮೆತ್ತಗಾದ ಹತ್ತಿ ಸೀರೆ, ಧೋತರ. ಜಾರುವ ಪಾಲಿಸ್ಟರ್ ಸೀರೆ ಸೂಜಿಗೂ ಒಗ್ಗದು, ಮೈಗೂ ಒಗ್ಗದು. ಮೊದಲು ಇವೆರಡನ್ನು ಬೇರೆ ಮಾಡಿ. ಒಂದು ಕೌದಿಗೆ ಸಾಕಾಗುವಷ್ಟು ಹತ್ತಿ ಬಟ್ಟೆ ಕೂಡಿದೊಡನೆ ಹೊಲಿಯುವವರ ಕೈಗೆ ಕೊಟ್ಟುಬಿಡಿ. ಗಂಟು ಕೌದಿ ಆಗಬೇಕು, ಗಂಟಾಗಿಯೇ ಉಳಿಯಬಾರದು. ಪಾಲಿಸ್ಟರ್ ಸೀರೆ ಮನೆ ಮುಂದೆ ಬರುವ ಪಾತ್ರೆಯವರಿಗೆ ಹೋಗಲಿ, ಬದಲಿಗೆ ಇನ್ನೊಂದು ಬುಟ್ಟಿ ಬೇಡ ಎನ್ನುವ ಗಟ್ಟಿತನ ಇದ್ದರೆ ಮಾತ್ರ.

ಪಾತ್ರೆ. ಗೋಡೆಯ ಉದ್ದಕ್ಕೂ ಹಲಗೆ ಹೊಡೆದು ಹಿತ್ತಾಳೆ, ಸ್ಟೀಲು ಪಾತ್ರೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸುವುದು ನಮ್ಮ ಮನೆಗಳ ನಿಜವಾದ ಅಲಂಕಾರ. ಹೊರಗಿನ ಪುಸ್ತಕ ಇದನ್ನು ಸಾಮಾನಿನ ಗೊಂದಲ ಎಂದೀತು, ಒಪ್ಪಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕೊಡಗಳ ಸಾಲಿನ ಮೇಲೆ ಬೆಳಗಿನ ಬಿಸಿಲು ಬಿದ್ದರೆ ಅದಕ್ಕಿಂತ ಬೇರೆ ಚಿತ್ರಪಟ ಬೇಕಿಲ್ಲ. ಆದರೆ ಸಾಲು ಒಂದೇ ಇರಲಿ. ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿಟ್ಟ ಎರಡನೆಯ, ಮೂರನೆಯ ಸಾಲಿನ ಪಾತ್ರೆಗೆ ತಿಂಗಳು ಕೇಳಿ. ಮದುವೆ, ಜಾತ್ರೆಯ ದೊಡ್ಡ ಪಾತ್ರೆಗಳನ್ನು ಅಣ್ಣತಮ್ಮಂದಿರ ಮನೆಗಳವರು ಸೇರಿ ಒಂದೇ ಕಡೆ ಇಟ್ಟುಕೊಂಡರೆ ಎಲ್ಲರ ಅಟ್ಟವೂ ಹಗುರ.

ಹಿತ್ತಾಳೆ, ತಾಮ್ರವನ್ನು ಗುಜರಿಗೆ ಹಾಕುವ ಮುಂಚೆ ಪೇಟೆಯಲ್ಲಿ ದರ ವಿಚಾರಿಸಿ. ಕಬ್ಬಿಣಕ್ಕೂ ಇವಕ್ಕೂ ಬೆಲೆಯಲ್ಲಿ ಬಹಳ ಅಂತರ. ಕೆತ್ತನೆಯ ಹಳೆ ಬಾಗಿಲು, ಚೌಕಟ್ಟು ಕೇಳಿಕೊಂಡು ಬರುವ ವ್ಯಾಪಾರಿಗಳಿಗೆ ಮೊದಲ ದಿನವೇ ಹೂಂ ಎನ್ನಬೇಡಿ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ಹೋದ ಬಾಗಿಲು ಮತ್ತೆ ಬರುವುದಿಲ್ಲ.

ಕಾಗದಪತ್ರ. ಇಲ್ಲಿ ಕೊಂಡೊ ಅವರ ಮಾತು ನೇರ: ಕಾಗದವನ್ನೆಲ್ಲ ಬಿಸಾಡುವುದೇ ಮೂಲಸೂತ್ರ. ಕಲ್ಯಾಣ ಕರ್ನಾಟಕದ ಮನೆಯಲ್ಲಿ ಇದನ್ನು ನಂಬಿ ಕೂತರೆ ಮಕ್ಕಳ ಭವಿಷ್ಯಕ್ಕೇ ಕುತ್ತು. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಓದು, ನೌಕರಿಯ ಮೀಸಲಾತಿ ಪಡೆಯಲು ಸ್ಥಳೀಯ ವ್ಯಕ್ತಿ ಎಂಬ ಪ್ರಮಾಣಪತ್ರ ಬೇಕು. ಅದಕ್ಕೆ ವಾಸದ, ಓದಿನ ದಾಖಲೆ ಕೇಳುತ್ತಾರೆ. ತಂದೆತಾಯಿಯ ಹಳೆ ಶಾಲಾ ದಾಖಲೆಯೂ ಕೆಲಸಕ್ಕೆ ಬಂದೀತು.

ಕಾಗದವನ್ನು ಮೂರು ಭಾಗ ಮಾಡಿ. ಒಂದು, ಎಂದೆಂದಿಗೂ ಇಡಬೇಕಾದದ್ದು: ಕ್ರಯಪತ್ರ, ಹಕ್ಕುಪತ್ರ, ಪಾಲುಪಟ್ಟಿ, ಭೂಸ್ವಾಧೀನ ಪರಿಹಾರದ ಆದೇಶ, ಹಳೆಯ ಕೈಬರಹದ ಪಹಣಿ, ಜನನ ಮರಣ ಪ್ರಮಾಣಪತ್ರ, ಟಿ.ಸಿ., ಅಂಕಪಟ್ಟಿ. ಎರಡು, ಹಂಗಾಮು ಮುಗಿಯುವವರೆಗೆ ಇಡಬೇಕಾದದ್ದು: ಬೀಜದ ಪೊಟ್ಟಣ ಮತ್ತು ರಸೀದಿ, ಗೊಬ್ಬರ ಔಷಧಿಯ ಬಿಲ್ಲು, ಬೆಳೆ ವಿಮೆಯ ರಸೀದಿ. ಬೀಜ ಮೊಳೆಯದಿದ್ದರೆ ದೂರು ಕೊಡಲು ಇವೇ ಆಧಾರ, ವಿಮೆ ಹಣದ ವಿಚಾರ ಇತ್ಯರ್ಥ ಆಗುವವರೆಗೂ ಬೇಕು. ಮೂರು, ಇಂದೇ ಹೋಗಬೇಕಾದದ್ದು: ಆಗಾಗ ತೆಗೆಸಿದ ಕಂಪ್ಯೂಟರ್ ಪಹಣಿಯ ಹಳೆ ಪ್ರತಿಗಳು, ಮದುವೆ ಕರೆಯೋಲೆ, ತೀರಿದ ರೀಚಾರ್ಜ್ ಚೀಟಿ, ಹಳೆ ಕ್ಯಾಲೆಂಡರ್. ಆಧಾರ್, ಬ್ಯಾಂಕಿನ ನಂಬರ್ ಇರುವ ಕಾಗದವನ್ನು ರದ್ದಿಗೆ ಹಾಕುವ ಮುಂಚೆ ಹರಿದುಹಾಕಿ. ಮೊದಲ ಭಾಗದ ಕಾಗದಗಳಿಗೆ ಒಂದು ತಗಡಿನ ಪೆಟ್ಟಿಗೆ, ಅದು ಎಲ್ಲಿದೆ ಎಂಬುದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

ಹೊಲದ ಸಾಮಾನು. ಔಷಧಿಯ ಖಾಲಿ ಡಬ್ಬಿ, ಬಾಟಲಿಗಳಿಗೆ ತಿಂಗಳು ಕೇಳುವ ಅಗತ್ಯವೇ ಇಲ್ಲ. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರಲ್ಲಿ ಎಣ್ಣೆ, ನೀರು, ಕಾಳು ತುಂಬಿಡಬೇಡಿ. ಔಷಧ ಹೊಡೆಯುವಾಗಲೇ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ, ಡಬ್ಬಿಯನ್ನು ಮತ್ತೆ ಬಳಸಲಾಗದಂತೆ ಜಜ್ಜಿ, ಊರಿನಿಂದ, ನೀರಿನಿಂದ ದೂರ ಹೂಳಬೇಕು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯ ಬಣವೆ ಮನೆಗೋಡೆಗೆ ತಾಗಿ ಇರದಂತೆ ನೋಡಿಕೊಳ್ಳಿ. ಹಾವು, ಚೇಳಿಗೆ ಅದಕ್ಕಿಂತ ಒಳ್ಳೆಯ ಬಿಡದಿ ಇನ್ನೊಂದಿಲ್ಲ. ನಮ್ಮ ಸೀಮೆಯಲ್ಲಿ ಸಾಮಾನು ಕಡಿಮೆ ಮಾಡಲು ಬೇರೆ ಯಾವ ಕಾರಣ ಇಲ್ಲದಿದ್ದರೂ ಇದೊಂದು ಸಾಕು.

ನೆನಪಿನ ವಸ್ತು. ಮ್ಯಾಗ್ನುಸನ್ ಹೇಳಿದ ಹಾಗೆ ಇದು ಕಡೆಗೆ. ತೀರಿಕೊಂಡವರ ಕೋಲು, ಕನ್ನಡಕ, ಎಲೆಯಡಿಕೆಯ ಚಂಚಿ ಇವುಗಳಿಗೆ ತಿಂಗಳ ಪ್ರಶ್ನೆ ಸಲ್ಲುವುದಿಲ್ಲ. ಇಲ್ಲಿ ಮಾತ್ರ ಕೊಂಡೊ ಅವರ ಸಂತೋಷದ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಹಿರಿಯರು ಇರುವಾಗಲೇ ಕೇಳಿ: "ಯವ್ವಾ, ಈ ಗಂಗಾಳ ಯಾರಿಗೆ ಕೊಡಬೇಕಂತಿ?" ಆಕೆ ತನ್ನ ಕೈಯಿಂದ ಮೊಮ್ಮಗಳಿಗೆ ಕೊಟ್ಟ ಗಂಗಾಳ ಮುಂದೆ ಜಗಳಕ್ಕೆ ಕಾರಣ ಆಗುವುದಿಲ್ಲ.

ಹೊರಗೆ ಹೋದದ್ದು ಕೆರೆಗೆ ಹೋಗಬಾರದು

ಬೋನಾಳದ ಕೆರೆ ಪಕ್ಷಿಧಾಮ. ಸುರಪುರದ ನಾಯಕ ಅರಸರ ಕಾಲದ ಕೆರೆಯನ್ನು 19ನೆಯ ಶತಮಾನದಲ್ಲಿ ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹಿಗ್ಗಿಸಿದ. ಚಳಿಗಾಲದಲ್ಲಿ ದೂರದಿಂದ ಹಕ್ಕಿಗಳು ಬಂದಿಳಿಯುತ್ತವೆ. ದಸರೆಯ ಸ್ವಚ್ಛತೆ ಮುಗಿದು ಕೆಲವೇ ವಾರಗಳಲ್ಲಿ ಅವುಗಳ ಬರವು. ಪ್ಲಾಸ್ಟಿಕ್ ಚೀಲ, ಥರ್ಮಾಕೋಲು, ದೇವರ ಹಳೆ ಫೋಟೊ ಎಲ್ಲ ಕೆರೆಗೆ ಬಿದ್ದರೆ ಮನೆಯ ಹೊರೆ ಹಕ್ಕಿಯ ಕೊರಳಿಗೆ ಬಿದ್ದಂತೆ. ದೇವರ ಫೋಟೊದ ಗಾಜು, ಕಟ್ಟು ಬಿಡಿಸಿ, ಕಾಗದವನ್ನು ಹೊಲದ ಬದುವಿನ ಮರದ ಬುಡದಲ್ಲಿ ಹೂಳಿದರೆ ಭಕ್ತಿಗೂ ಕುಂದಿಲ್ಲ. ಕೌದಿ ಒಗೆಯುವವರು ನೀರು ತಂದು ದಂಡೆಯಿಂದ ದೂರ ಒಗೆದರೆ ಸಾಬೂನಿನ ನೊರೆ ಕೆರೆಗೆ ಇಳಿಯುವುದಿಲ್ಲ.

ಹಗುರಾದ ಮೇಲೆ ಚೆಂದ

ಅಲಂಕಾರದ ಪುಸ್ತಕಗಳ ಬಣ್ಣದ ಪುಟ ತಿರುವುವಾಗ ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ ಹಾಕಿ. ಅಲ್ಲಿಯ ಹವೆ ಎಂಥದ್ದು? ಅದರ ಧೂಳು ಒರೆಸುವವರು ಯಾರು? ಆ ಮನೆಯಲ್ಲಿ ಕಾಳು, ನೀರು, ದನ ಎಲ್ಲಿ? ದಪ್ಪ ಪರದೆ, ಜಮಖಾನೆ, ಮೆತ್ತೆಗಳ ರಾಶಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತವೆ. ಉಳಿದವನ್ನು ನಮ್ಮ ಮನೆಗೆ ತರಬಹುದು.

ನೆಲದಿಂದ ಶುರು ಮಾಡಿ. ಶಹಾಬಾದ್ ಕಲ್ಲು ಹಾಸಿದ ನೆಲ ಇದ್ದರೆ ಅದರ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಅಂಟಿಸಬೇಡಿ. ಬೇಸಿಗೆಯಲ್ಲಿ ತಣ್ಣಗಿರುವ ನೆಲವನ್ನು ದುಡ್ಡು ಕೊಟ್ಟು ಮುಚ್ಚಿದಂತಾಗುತ್ತದೆ. ಸಂದಿಗಳಿಗೆ ಸಿಮೆಂಟು ತುಂಬಿಸಿ, ಒರೆಸಿದರೆ ಬೂದಿಬಣ್ಣದ ಕಲ್ಲು ತಾನೇ ಹೊಳೆಯುತ್ತದೆ.

ಗೋಡೆಗೆ ಸುಣ್ಣವೇ ಲೇಸು. ಮಣ್ಣಿನ ಗೋಡೆಗೆ ಎಣ್ಣೆ ಬಣ್ಣ ಹೊಡೆದರೆ ಒಳಗಿನ ತೇವ ಹೊರಗೆ ಬರಲಾಗದೆ ಗಾರೆ ಉದುರುತ್ತದೆ. ಆರ್‌ಸಿಸಿ ಮಾಳಿಗೆಯಾದರೆ ಬೇಸಿಗೆಗೆ ಮುಂಚೆ ಮೇಲ್ಭಾಗಕ್ಕೂ ಬಿಳಿ ಸುಣ್ಣ ಹೊಡೆಯಿರಿ, ಬಿಸಿಲು ತಿರುಗಿಹೋಗಿ ಒಳಗಿನ ಕಾವು ಇಳಿಯುತ್ತದೆ. ಹಳೆ ಗೋಡೆಯ ಮಾಡಗಳನ್ನು ಇಟ್ಟಿಗೆ ಇಟ್ಟು ಮುಚ್ಚುವ ಬದಲು ಒಂದಕ್ಕೆ ದೀಪ, ಒಂದಕ್ಕೆ ಪುಸ್ತಕ, ಒಂದಕ್ಕೆ ಔಷಧಿ ಎಂದು ಕೆಲಸ ಹಂಚಿ. ಕಪಾಟು ಕೊಳ್ಳುವ ಖರ್ಚೇ ಇಲ್ಲ. ಅಲೆಕ್ಸಾಂಡರ್ ಬರೆದ ದಪ್ಪ ಗೋಡೆಯ ಸೂತ್ರ ಇದೇ.

ಗೋಡೆಯ ಮೇಲೆ ಏನು ತೂಗುಹಾಕಬೇಕು? ಒಂದೇ ಗೋಡೆಯ ಮೇಲೆ ನಾಲ್ಕು ಕ್ಯಾಲೆಂಡರ್ ಇದ್ದರೆ ಮೂರನ್ನು ಇಳಿಸಿ. ಸುರಪುರಕ್ಕೆ ತನ್ನದೇ ಚಿತ್ರಕಲೆಯ ಪರಂಪರೆ ಇದೆ. ಚಿನ್ನದ ರೇಕು ಬಳಸಿ ಗರುಡಾದ್ರಿ ಮನೆತನದ ಕಲಾವಿದರು ಬರೆದ ಚಿತ್ರಗಳಿಗೆ ಹೆಸರಿದೆ. ಅಂಥದೊಂದರ ಒಳ್ಳೆಯ ಮುದ್ರಿತ ಪ್ರತಿಗೆ ಕಟ್ಟು ಹಾಕಿಸಿದರೆ ಪಡಸಾಲೆಗೆ ಕಳೆ. ತಾಂಡಾಗಳಲ್ಲಿ ಕನ್ನಡಿ ಚೂರು, ಕವಡೆ ಕೂಡಿಸಿ ಹೊಲಿಯುವ ಲಂಬಾಣಿ ಕಸೂತಿಯ ಒಂದು ತುಂಡು ಬಾಗಿಲ ಮೇಲೆ ಸಾಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿ ವರ್ಷಗಳಾದವು, ಆದರೂ ನಮ್ಮ ತಾಂಡಾದ ಹೆಣ್ಣುಮಕ್ಕಳ ಕೈಗೆಲಸವನ್ನು ನಾವೇ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಚೆಂದದ ಕೌದಿ ಇದ್ದರೆ ಟ್ರಂಕಿನಲ್ಲಿ ಮುಚ್ಚಿಡದೆ ಹೊರಸಿನ ಮೇಲೆ ಹಾಸಿ.

ಹೊಸ್ತಿಲಲ್ಲೇ ಲೆಕ್ಕ

ಹೊರಗಿನ ಪುಸ್ತಕಗಳೆಲ್ಲ ಮನೆ ತುಂಬಿದ ಮೇಲಿನ ಮಾತು ಹೆಚ್ಚು ಆಡುತ್ತವೆ. ತುಂಬದಂತೆ ನೋಡಿಕೊಳ್ಳುವ ಪಾಠ ನಮ್ಮ ಮಗ್ಗುಲಲ್ಲೇ ಇದೆ. ಕೃಷ್ಣೆಯ ಆಚೆ ದಡದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು ಎಂಬುದು ಶರಣರ ಕಥೆಗಳಲ್ಲಿ ಪ್ರಸಿದ್ಧ. ನಮ್ಮ ಯಾದಗಿರಿ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯ, ಅಮರೇಶ್ವರದ ಲಕ್ಕಮ್ಮ ಇವರ ವಚನಗಳು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಕಪಾಟಿನಲ್ಲೂ ಸಿಗುವಂಥವು. ಮನೆ ಹಗುರ ಮಾಡುವ ಓದಿಗೆ ಅವನ್ನೂ ಸೇರಿಸಿಕೊಳ್ಳಿ.

ಲಕ್ಕಮ್ಮನ ಲೆಕ್ಕವನ್ನು ಇಂದಿಗೆ ಹೀಗೆ ಇಳಿಸಬಹುದು. ಸಂತೆಯಿಂದ, ಜಾತ್ರೆಯಿಂದ, ಮೊಬೈಲ್ ಅಂಗಡಿಯಿಂದ ಏನೇ ಬಂದರೂ ಅದಕ್ಕೆ ಜಾಗ ಎಲ್ಲಿ, ತಿಂಗಳು ಯಾವುದು ಎಂದು ಹೊಸ್ತಿಲಲ್ಲೇ ಕೇಳುವುದು. ಒಂದು ಹೊಸ ಬಕೀಟು ಬಂದ ದಿನವೇ ಸೀಳಿದ ಬಕೀಟು ಹೊರಗೆ ಹೋಗುವುದು. ಓರಣ ಮಾಡುವ ಹೆಸರಿನಲ್ಲಿ ಬಣ್ಣದ ಡಬ್ಬಿ, ಬುಟ್ಟಿ ಮೊದಲು ಕೊಳ್ಳದಿರುವುದು. ಕಳೆಯುವುದು ಮುಗಿಯುವ ಮೊದಲೇ ಇಡುವ ಉಪಾಯ ಹುಡುಕಬೇಡಿ ಎಂದು ಕೊಂಡೊ ಕೂಡ ಎಚ್ಚರಿಸುತ್ತಾರೆ.

ಪುಸ್ತಕ ಎಲ್ಲಿ, ಓದು ಹೇಗೆ

ಈ ಪುಸ್ತಕಗಳಿಗಾಗಿ ದುಡ್ಡು ಸುರಿಯಬೇಕಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಸುರಪುರ, ಶಹಾಪುರ, ಯಾದಗಿರಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲು ಕೇಳಿ. ಇಲ್ಲದಿದ್ದರೆ ಬೇಡಿಕೆ ಬರೆದುಕೊಡಿ. 2020ರಲ್ಲಿ ಶುರುವಾದ ರಾಜ್ಯ ಸರ್ಕಾರದ ಡಿಜಿಟಲ್ ಗ್ರಂಥಾಲಯವನ್ನು ಮೊಬೈಲಿನಲ್ಲೇ ಬಿಟ್ಟಿಯಾಗಿ ಓದಬಹುದು. ಇಂಗ್ಲಿಷ್ ಪುಸ್ತಕವನ್ನು ಕಾಲೇಜಿಗೆ ಹೋಗುವ ಮಗಳು ಊಟದ ನಂತರ ನಾಲ್ಕು ಪುಟ ಓದಿ ಹೇಳಿದರೆ ಆಕೆಯ ಇಂಗ್ಲಿಷೂ ಹದವಾಗುತ್ತದೆ, ಮನೆಮಂದಿಗೂ ಒಟ್ಟಿಗೆ ತಿಳಿಯುತ್ತದೆ.

ಒಂದು ಸಲಕ್ಕೆ ಒಂದೇ ಪುಸ್ತಕ. ಓದುವಾಗ ನೋಟುಬುಕ್ಕಿನಲ್ಲಿ ಚಿತ್ರ ಇಳಿಸಿಕೊಳ್ಳಬೇಡಿ, ಪುಸ್ತಕ ಕೇಳುವ ಪ್ರಶ್ನೆ ಬರೆದುಕೊಳ್ಳಿ. ಒಂದು ವಿಚಾರವನ್ನು ಮನೆಯ ಒಂದೇ ಮೂಲೆಯಲ್ಲಿ ನಡೆಸಿ ನೋಡಿ, ಹೊಂದಿದರೆ ಮುಂದಿನ ಪುಟ. ಓದಿ ಮುಗಿಸಿದ ಪುಸ್ತಕ ಗ್ರಂಥಾಲಯಕ್ಕೆ ವಾಪಸ್ಸು, ಸ್ವಂತದ್ದಾದರೆ ನೆರೆಮನೆಗೆ.

ಒಂದು ಮಾತು ಮರೆಯಬಾರದು. ಸ್ವಚ್ಛ ಮಾಡುವವರು ಹೆಣ್ಣುಮಕ್ಕಳು, ಬಿಸಾಡಲು ಒಪ್ಪಿಗೆ ಕೊಡಬೇಕಾದವರು ಗಂಡಸರು ಎಂಬಂತಾದರೆ ಯಾವ ಪುಸ್ತಕವೂ ಕೆಲಸ ಮಾಡದು. ಅವರವರ ಸಾಮಾನಿಗೆ ಅವರವರೇ ಯಜಮಾನರು. ಅಡುಗೆಮನೆಯ ತೀರ್ಮಾನ ಅಡುಗೆ ಮಾಡುವವರದು, ಹೊಲದ ಸಾಮಾನಿನದು ಹೊಲ ಮಾಡುವವರದು, ಅತ್ತೆಯ ಟ್ರಂಕು ಅತ್ತೆಯದು. ಇನ್ನೊಬ್ಬರ ವಸ್ತುವನ್ನು ಹೇಳದೆ ಕೇಳದೆ ಸಾಗಿಸಿದರೆ ಮನೆ ಹಗುರಾದರೂ ಮನಸ್ಸು ಭಾರ.

ಈ ದಸರೆಗೆ ಎಲ್ಲವನ್ನೂ ಮಾಡಲು ಹೋಗಬೇಡಿ. ಅಟ್ಟ ಒಂದನ್ನೇ ಆರಿಸಿಕೊಳ್ಳಿ. ಇಳಿಸಿದ ಸಾಮಾನನ್ನು ಮತ್ತೆ ಏರಿಸುವಾಗ ಒಂದು ಹಾಳೆಯಲ್ಲಿ ವಸ್ತುವಿನ ಹೆಸರು, ಅದರ ಮುಂದೆ ಕೆಲಸದ ತಿಂಗಳು ಬರೆದು ಅಟ್ಟದ ಕೆಳಗೆ ಗೋಡೆಗೆ ಅಂಟಿಸಿ. ವರ್ಷದಲ್ಲಿ ಯಾವಾಗ ಇಳಿಸಿದರೂ ಆ ಹೆಸರಿನ ಮುಂದೆ ಒಂದು ಗೆರೆ ಎಳೆಯಿರಿ. ಮುಂದಿನ ದಸರೆಗೆ ಗೆರೆ ಬೀಳದೆ ಉಳಿದ ಹೆಸರುಗಳನ್ನು ಅತ್ತೆಯೇ ಓದಲಿ. ಯಾವುದು ಹೋಗಬೇಕು ಎಂದು ಆಗ ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ.